ಹಿಟ್ಟಿನ ಧೂಳು, ಊದೋ ಮೀಟರು, ಲ್ಯಾಬಿನ ಪಿಎಫ್‌ಟಿ – ನನ್ನ ಅನುಭವ

ನಂದು ಬೆಂಗಳೂರಲ್ಲಿ ಒಂದು ಬೇಕರಿ. ಊರು ಹಾಸನ ಜಿಲ್ಲೆ, ಚನ್ನರಾಯಪಟ್ಟಣದ ಹತ್ರ ಒಂದು ಹಳ್ಳಿ. ನಮ್ಮ ಕಡೆಯೋರು ಬೆಂಗಳೂರಿಗೆ ಬಂದು ಬೇಕರಿ ಹಾಕೋದು ಹೊಸದೇನಲ್ಲ, ನಾನೂ 18ನೇ ವಯಸ್ಸಿಗೆ ದೊಡ್ಡಪ್ಪನ ಮಗನ ಬೇಕರೀಲಿ ಟ್ರೇ ತೊಳೆಯೋಕೆ ಸೇರ್ಕೊಂಡೋನು, ಆಮೇಲೆ ಹಿಟ್ಟು ಕಲಸೋದು, ಬನ್ನು ಉಂಡೆ ಕಟ್ಟೋದು, ಭಟ್ಟಿ ನೋಡ್ಕೊಳೋದು ಎಲ್ಲಾ ಕಲ್ತು 12 ವರ್ಷದ ಹಿಂದೆ ಸ್ವಂತದ್ದು ಹಾಕ್ದೆ. ಈಗ ನಂಗೆ 44. ಬೀಡಿ ಸಿಗರೇಟು ಯಾವತ್ತೂ ಮುಟ್ಟಿಲ್ಲ. ಇದನ್ನ ಯಾಕೆ ಮೊದ್ಲೇ ಹೇಳ್ತಿದೀನಿ ಅಂದ್ರೆ, ಶ್ವಾಸಕೋಶದ ವಿಷ್ಯ ಅಂದ ತಕ್ಷಣ ಎಲ್ರೂ ಕೇಳೋದು ಅದೊಂದೇ ಪ್ರಶ್ನೆ, ಇಲ್ಲ ಅಂದ್ರೆ ಸರಿ ಹಂಗಾದ್ರೆ ಏನೂ ಇರಲ್ಲ ಬಿಡಿ ಅಂತಾರೆ. ನನ್ನ ವಿಷ್ಯದಲ್ಲೂ, ನಮ್ಮ ಅವ್ವನ ವಿಷ್ಯದಲ್ಲೂ ಅದು ಸುಳ್ಳಾಯ್ತು.

ನಂಗೆ ಶುರುವಾಗಿದ್ದು ಬರೀ ಕೆಮ್ಮು. ರಾತ್ರಿ 2 ಗಂಟೆ ಹೊತ್ತಿಗೆ ಎಚ್ಚರ ಆಗೋದು, ಎದೆ ಮೇಲೆ ಯಾರೋ 50 ಕೆಜಿ ಮೈದಾ ಮೂಟೆ ಇಟ್ಟಂಗೆ ಬಿಗಿ, ಉಸಿರು ಬಿಡುವಾಗ ಸಣ್ಣಗೆ ಸಿಳ್ಳೆ ಹೊಡ್ದಂಗೆ ಶಬ್ದ. ಎದ್ದು ಕೂತು ಬಿಸಿನೀರು ಕುಡಿದ್ರೆ ಅರ್ಧ ಗಂಟೆಗೆ ಸ್ವಲ್ಪ ಸಡಿಲ ಆಗೋದು, ಅಷ್ಟೊತ್ತಿಗೆ ಮೂರೂವರೆ, ಬೇಕರಿಗೆ ಹೊರಡೋ ಟೈಮು. ನಮ್ಮ ಮನೆಯೋಳು ಗ್ಯಾಸ್ಟ್ರಿಕ್ ಇರಬೇಕು ಅಂದ್ಳು, ನಾನು ಥಂಡಿ ಅಂದ್ಕೊಂಡೆ, ಮೆಡಿಕಲ್ ಶಾಪಿನೋನು ಅಲರ್ಜಿ ಕೆಮ್ಮು ಅಂತ ಸಿರಪ್ ಕೊಟ್ಟ. ಮೂರು ತಿಂಗ್ಳು ಹಿಂಗೇ ಹೋಯ್ತು. ಕೊನೆಗೆ ಒಂದು ಆಸ್ಪತ್ರೆಗೆ ಹೋದೆ, ಅಲ್ಲಿ ಪಿಎಫ್‌ಟಿ ಬರೆದುಕೊಟ್ರು, ಅಂದ್ರೆ ಬಾಯಲ್ಲಿ ಪೈಪ್ ಇಟ್ಕೊಂಡು ಕಂಪ್ಯೂಟರಿಗೆ ಊದೋ ಟೆಸ್ಟು, ಸ್ಪೈರೋಮೆಟ್ರಿ ಅಂತಾನೂ ಅಂತಾರೆ. ಆದ್ರೆ ಅವತ್ತೇ ಮಾಡಿಸೋಕೆ ಆಗ್ಲಿಲ್ಲ, ಊರಲ್ಲಿ ಅಕ್ಕನ ಮಗಳ ಮದುವೆ ಇತ್ತು. ಚಪ್ಪರ, ಬೀಗರೂಟ ಅಂತ ಎಂಟು ದಿನ ಊರಲ್ಲೇ ಉಳ್ಕೊಂಡು, ವಾಪಸ್ ಬಂದ ದಿನಾನೇ ಬೆಳಗ್ಗೆ 11 ಗಂಟೆಗೆ ಹೋಗಿ ಟೆಸ್ಟ್ ಮಾಡಿಸ್ದೆ. ರಿಪೋರ್ಟು ನಾರ್ಮಲ್. ಡಾಕ್ಟ್ರು ಎರಡು ನಿಮಿಷ ನೋಡಿ ಲಂಗ್ಸ್ ಚೆನ್ನಾಗಿದೆ, ಅಸಿಡಿಟಿಗೆ ಮಾತ್ರೆ ತಗೊಳ್ಳಿ ಅಂದ್ರು.

ನಾನು ಅದನ್ನ ನಂಬ್ದೆ. ನಂಬದೇ ಇರೋಕೆ ಕಾರಣಾನೂ ಇರ್ಲಿಲ್ಲ, ಕಂಪ್ಯೂಟರ್ ರಿಪೋರ್ಟಲ್ಲಿ ಕೊಟ್ಟಿರೋದು. ಒಂದು ವರ್ಷ ಹೊಟ್ಟೆ ಮಾತ್ರೆ ನುಂಗಿದೀನಿ. ಆ ವರ್ಷದಲ್ಲಿ ಎರಡು ಸಲ ರಾತ್ರಿ ಹೊತ್ತು ನೆಬ್ಯುಲೈಸರ್ ಹಾಕಿಸ್ಕೊಂಡು ಬಂದಿದೀನಿ, ಒಂದ್ಸಲ ಅಂತೂ ಆಟೋದಲ್ಲಿ ಕೂತಾಗ ಬೆರಳ ತುದಿ ಎಲ್ಲಾ ಜುಂ ಅಂತಿತ್ತು, ಮಾತಾಡೋಕೂ ಉಸಿರಿಲ್ಲ, ಮಗ ಪಕ್ಕದಲ್ಲಿ ಕೂತು ಅಪ್ಪಾ ಅಪ್ಪಾ ಅಂತ ಅಳ್ತಿದ್ದ. ಆ ರಾತ್ರಿ ಆದ್ಮೇಲೆ ಶ್ವಾಸಕೋಶದ ಸ್ಪೆಷಲಿಸ್ಟ್ ಹತ್ರಾನೇ ಹೋಗೋಣ ಅಂತ ಇನ್ನೊಂದು ಕಡೆ ಹೋದೆ.

ಆ ಮೇಡಂ ಕೇಳಿದ ಮೊದಲನೇ ಪ್ರಶ್ನೇನೇ "ಏನು ಕೆಲ್ಸ ಮಾಡ್ತೀರ?" ಬೇಕರಿ ಮೇಡಂ ಅಂದೆ. ಪೆನ್ನು ಕೆಳಗಿಟ್ರು. ರಜೆ ದಿನ ಹೆಂಗಿರುತ್ತೆ ಅಂದ್ರು. ಬೇಕರಿಗೆ ರಜೆ ಎಲ್ಲಿರುತ್ತೆ ಮೇಡಂ, ಊರಿಗೆ ಹೋದಾಗ ಮಾತ್ರ ಅಂದೆ. ಊರಲ್ಲಿ ಕೆಮ್ಮು ಇರುತ್ತಾ ಅಂದ್ರು. ಆಗ ನಾನು ಮೊದಲ ಸಲ ಕೂತು ಯೋಚ್ನೆ ಮಾಡ್ದೆ, ಮದುವೇಲಿ ಎಂಟು ದಿನ ಚಾಪೆ ಮೇಲೆ ಮಲಗಿದ್ದೀನಿ, ಮಂಜು ಬಿದ್ದಿದೆ, ಆದ್ರೂ ಒಂದು ರಾತ್ರೀನೂ ಎದ್ದು ಕೂತಿಲ್ಲ. ನನ್ನ ಹಳೇ ರಿಪೋರ್ಟ್ ನೋಡಿ ಅವ್ರು ಹೇಳಿದ್ದು, ಈ ಟೆಸ್ಟ್ ತಪ್ಪಲ್ಲ, ನೀವು ಊದಿರೋದೂ ಸರಿ ಇದೆ, ಆದ್ರೆ ಎಂಟು ದಿನ ಹಿಟ್ಟಿಂದ ದೂರ ಇದ್ದು ಬಂದು ಬೆಳಗ್ಗೆ 11ಕ್ಕೆ ಊದಿದ್ರೆ ನಾರ್ಮಲ್ಲೇ ಬರುತ್ತೆ, ಆಸ್ತಮಾ ಅನ್ನೋದು ಯಾವಾಗ್ಲೂ ಒಂದೇ ತರ ಇರೋ ಕಾಯಿಲೆ ಅಲ್ಲ, ಏರುತ್ತೆ ಇಳಿಯುತ್ತೆ, ಇಳಿದಾಗ ಅಳೆದ್ರೆ ಸಿಗಲ್ಲ. ಹಿಟ್ಟಿನ ಧೂಳಿಂದ ಬೇಕರಿಯವ್ರಿಗೆ ಬರೋ ಆಸ್ತಮಾ ಬಹಳ ಹಳೇ ಕಾಯಿಲೆ ಅಂತೆ, 300 ವರ್ಷದ ಹಿಂದೇನೇ ಇಟಲಿಯ ರಮಾಝಿನಿ ಅನ್ನೋ ವೈದ್ಯರು ರೊಟ್ಟಿ ಸುಡೋರ ಉಸಿರಾಟದ ಕಷ್ಟದ ಬಗ್ಗೆ ಬರೆದಿಟ್ಟಿದಾರಂತೆ. 26 ವರ್ಷದಿಂದ ಹಿಟ್ಟಲ್ಲೇ ಇರೋ ನಂಗೆ ಇದು ಗೊತ್ತಿರ್ಲಿಲ್ಲ, ನಮ್ಮ ಬೇಕರಿ ಬಳಗದಲ್ಲಿ ಯಾರೂ ಹೇಳಿರ್ಲಿಲ್ಲ.

ಅವ್ರು ಕೊಟ್ಟಿದ್ದು ಒಂದು ಪ್ಲಾಸ್ಟಿಕ್ ಕೊಳವೆ, ಪೀಕ್ ಫ್ಲೋ ಮೀಟರ್. ಕರೆಂಟು ಬೇಡ, ಸೆಲ್ಲು ಬೇಡ, ನಾನು ತಗೊಂಡಾಗ 500 ರೂಪಾಯಿ ಒಳಗೇ ಇತ್ತು. ಇದರ ಮೂಲ 1950ರ ದಶಕದ ಕೊನೇಲಿ ಇಂಗ್ಲೆಂಡಿನ ಮಾರ್ಟಿನ್ ರೈಟ್ ಅನ್ನೋರು ಮಾಡಿದ ಮೀಟರು, ಅದು ದೊಡ್ಡದಿತ್ತು, ಆಮೇಲೆ ಕೈಯಲ್ಲಿ ಹಿಡಿಯೋವಷ್ಟು ಚಿಕ್ಕದು ಬಂತು. ಒಂದು ಮುಳ್ಳು ಇರುತ್ತೆ, ಊದಿದ ಜೋರಿಗೆ ಅದು ಮುಂದೆ ಹೋಗಿ ನಿಲ್ಲುತ್ತೆ, ನಿಮಿಷಕ್ಕೆ ಇಷ್ಟು ಲೀಟರ್ ಅಂತ ಓದ್ಕೋಬೇಕು. ಅಷ್ಟೇ ಅದರ ಕೆಲ್ಸ, ಗಾಳಿ ಎಷ್ಟು ಜೋರಾಗಿ ಹೊರಗೆ ಬರುತ್ತೆ ಅನ್ನೋದು ಮಾತ್ರ.

ಮೊದಲ ಎರಡು ದಿನ ನಾನು ತಪ್ಪು ಊದಿದೀನಿ. ಬಲೂನ್ ಊದ್ದಂಗೆ ಕೆನ್ನೆ ಉಬ್ಬಿಸಿ ಊದ್ತಿದ್ದೆ, 300 ದಾಟ್ತಾ ಇರ್ಲಿಲ್ಲ. ಮೇಡಂಗೆ ವಿಡಿಯೋ ಮಾಡಿ ಕಳಿಸ್ದೆ, ಅವ್ರು ಫೋನಲ್ಲೇ ತಿದ್ದಿದ್ರು. ಎದ್ದು ನಿಂತ್ಕೋಬೇಕು, ಮುಳ್ಳನ್ನ ಸೊನ್ನೆಗೆ ತರಬೇಕು, ಬೆರಳು ಮುಳ್ಳಿನ ದಾರೀಲಿ ಅಡ್ಡ ಇರಬಾರ್ದು, ಹೊಟ್ಟೆ ತುಂಬಾ ಅಂತೀವಲ್ಲ ಹಂಗೆ ಎದೆ ತುಂಬಾ ಉಸಿರು ಎಳ್ಕೊಂಡು ತುಟಿ ಬಿಗಿಯಾಗಿ ಮುಚ್ಚಿ, ನಾಲಿಗೆ ತೂತಿಗೆ ಅಡ್ಡ ಬರದಂಗೆ, ಒಂದೇ ಏಟಿಗೆ ಹಫ್ ಅಂತ ಬಿಡ್ಬೇಕು. ಉದ್ದಕ್ಕೆ ಊದೋದು ಬೇಕಾಗಿಲ್ಲ, ಆ ಮೊದಲ ಏಟೇ ಮುಖ್ಯ. ಮೂರು ಸಲ ಊದಿ ಅದರಲ್ಲಿ ಜಾಸ್ತಿ ಬಂದಿದ್ದು ಬರ್ಕೋಬೇಕು, ಸರಾಸರಿ ಅಲ್ಲ. ಮೂರೂ ಹತ್ರ ಹತ್ರ ಇದ್ರೆ ಊದಿದ್ದು ಸರಿ ಅಂತ ಅರ್ಥ. ಇನ್ನೊಂದು ವಿಷ್ಯ, ಮೀಟರಿಂದ ಮೀಟರಿಗೆ ನಂಬರ್ ವ್ಯತ್ಯಾಸ ಇರುತ್ತೆ, ನಾನು ಬೇಕರೀಲಿ ಇಡೋಕೆ ಅಂತ ಬೇರೆ ಕಂಪನೀದು ಒಂದು ತಂದಿದ್ದೆ, ಅದರಲ್ಲಿ ಅದೇ ಹೊತ್ತಿಗೆ 30 ಕಮ್ಮಿ ತೋರಿಸ್ತಿತ್ತು. ಅದನ್ನ ಎತ್ತಿಟ್ಟು ಒಂದೇ ಮೀಟರ್ ಜೇಬಲ್ಲಿ ಇಟ್ಕೊಂಡು ಓಡಾಡ್ದೆ.

ಮೇಡಂ ಹೇಳಿದ ಲೆಕ್ಕ ಹಿಂಗಿತ್ತು: ದಿನಕ್ಕೆ ನಾಲ್ಕು ಸಲ, ಎದ್ದ ತಕ್ಷಣ, ಹಿಟ್ಟು ಕಲಸಿ ಮುಗಿದ ಮೇಲೆ, ಮಧ್ಯಾಹ್ನ, ಮಲಗೋ ಮುಂಚೆ. ಎರಡು ವಾರ ಕೆಲ್ಸ ಮಾಡ್ತಾ ಬರೀಬೇಕು, ಆಮೇಲೆ ಒಂದು ಹತ್ತು ದಿನ ಬೇಕರಿ ಕಡೆ ತಲೆ ಹಾಕದೇ ಬರೀಬೇಕು, ಮತ್ತೆ ಬಂದು ಒಂದು ವಾರ ಬರೀಬೇಕು. ಆಸ್ತಾಲಿನ್ ಪಂಪ್, ಅಂದ್ರೆ ಉಸಿರು ಬಿಗಿದಾಗ ಬಾಯಿಗೆ ಎಳ್ಕೊಳೋ ಔಷಧಿ, ತಗೊಂಡ್ರೆ ಅದನ್ನೂ ಪಕ್ಕದಲ್ಲಿ ಗುರುತು ಹಾಕ್ಬೇಕು. ಹತ್ತು ದಿನ ಬೇಕರಿ ಬಿಡೋದು ಅಂದ್ರೆ ನನ್ನಂತೋರಿಗೆ ಸುಲಭ ಅಲ್ಲ, ಭಾವಮೈದ ಬಂದು ನಿಂತ್ಕೊಂಡ, ನಾನು ಊರಿಗೆ ಹೋದೆ.

ಆ ನೋಟ್‌ಬುಕ್ ಈಗಲೂ ನನ್ನ ಹತ್ರ ಇದೆ, ಸಾಲದ ಲೆಕ್ಕ ಬರೆಯೋ ಉದ್ದ ಪುಸ್ತಕ, ಅಂಚಲ್ಲೆಲ್ಲಾ ಡಾಲ್ಡಾ ಕಲೆ. ಕೆಲ್ಸದ ದಿನ ಒಂದು ಹೇಳ್ತೀನಿ: ಎದ್ದಾಗ 410, ಕಲಸಿದ ಮೇಲೆ 360, ಮಧ್ಯಾಹ್ನ 345, ರಾತ್ರಿ 330. ಅಂದ್ರೆ ಜಾಸ್ತಿಗೂ ಕಮ್ಮಿಗೂ 80 ವ್ಯತ್ಯಾಸ, ಅವೆರಡರ ಸರಾಸರಿ 370ಕ್ಕೆ ಲೆಕ್ಕ ಹಾಕಿದ್ರೆ ಸುಮಾರು 22 ಪರ್ಸೆಂಟ್. ದೊಡ್ಡವ್ರಲ್ಲಿ ಎರಡು ವಾರದ ಇಂಥ ಏರಿಳಿತದ ಸರಾಸರಿ 10 ಪರ್ಸೆಂಟಿಗಿಂತ ಜಾಸ್ತಿ ಇದ್ರೆ ಆಸ್ತಮಾ ಅನುಮಾನ ಬಲ ಆಗುತ್ತಂತೆ. ಊರಿಗೆ ಹೋದ ಮೊದಲ ಎರಡು ದಿನ ಏನೂ ದೊಡ್ಡ ಬದಲಾವಣೆ ಇಲ್ಲ, ಮೂರನೇ ದಿನದಿಂದ ಮೇಲೆ ಹತ್ತೋಕೆ ಶುರು, ಆರನೇ ದಿನ ಬೆಳಗ್ಗೆ 460, ಸಂಜೆ 480. ವಾಪಸ್ ಬಂದು ಸೋಮವಾರ ಕೆಲ್ಸಕ್ಕೆ ಇಳಿದೆ, ಅವತ್ತು 450, ಗುರುವಾರದ ಹೊತ್ತಿಗೆ 350. ಮೇಡಂ ಆ ನಂಬರೆಲ್ಲಾ ಗ್ರಾಫ್ ಹಾಳೇಲಿ ಚುಕ್ಕಿ ಇಟ್ಟು ಗೆರೆ ಎಳೆದು ನನ್ನ ಕಡೆ ತಿರುಗಿಸಿದ್ರು. ಊರಿನ ದಿನಗಳು ದಿಬ್ಬ, ಬೇಕರಿ ದಿನಗಳು ಹಳ್ಳ. ಓದೋಕೆ ಬರದೋರಿಗೂ ಗೊತ್ತಾಗೋ ಹಂಗಿತ್ತು. ಒಂದು ವರ್ಷ ನಾನು ಹೊಟ್ಟೆಗೆ ಮಾತ್ರೆ ತಗೊಂಡಿದ್ದು ನೆನೆಸ್ಕೊಂಡು ನಂಗೆ ಅಲ್ಲೇ ಕಣ್ಣಲ್ಲಿ ನೀರು ಬಂತು.

ಇದನ್ನ ಆಸ್ಪತ್ರೇಲಿ ಕಂಡುಹಿಡಿಯೋಕೆ ಆಗಲ್ವಾ ಅಂತ ಕೇಳ್ದೆ. ಆಸ್ಪತ್ರೆ ಮೆಷಿನ್ನು ಎಷ್ಟೇ ಲಕ್ಷದ್ದಾದ್ರೂ ಬೆಳಗಿನ ಜಾವ ನಾಲ್ಕು ಗಂಟೆಗೆ ನಿಮ್ಮ ಬೇಕರಿಗೆ ಬರಲ್ಲ, ರಾತ್ರಿ ಎರಡಕ್ಕೆ ನಿಮ್ಮ ಮಂಚದ ಹತ್ರಾನೂ ಬರಲ್ಲ ಅಂದ್ರು. ಆದ್ರೆ ಅಷ್ಟಕ್ಕೇ ಬಿಡ್ಲಿಲ್ಲ, ಮತ್ತೆ ಪಿಎಫ್‌ಟಿ ಮಾಡಿಸ್ಲೇಬೇಕು, ಈ ಸಲ ಕೆಲ್ಸದ ವಾರದ ಮಧ್ಯ ಅಂದ್ರು. ಯಾಕೆಂದ್ರೆ ಈ ಚಿಕ್ಕ ಮೀಟರ್ ಏರಿಳಿತ ತೋರ್ಸುತ್ತೆ, ನಿಜವಾಗ್ಲೂ ಶ್ವಾಸಕೋಶದೊಳಗಿನ ಗಾಳಿ ಕೊಳವೆಗಳು ಎಷ್ಟು ಕಿರಿದಾಗಿವೆ, ಔಷಧಿ ಕೊಟ್ರೆ ಎಷ್ಟು ತೆರ್ಕೊತವೆ ಅನ್ನೋದನ್ನ ಅದು ಹೇಳಲ್ಲ.

ಆ ಟೆಸ್ಟಿಗೆ ಮೊದಲ ದಿನ ಹೋದಾಗ ವಾಪಸ್ ಕಳಿಸಿದ್ರು. ಬೆಳಗ್ಗೆ 8ಕ್ಕೆ ಎರಡು ಪಫ್ ಆಸ್ತಾಲಿನ್ ಎಳ್ಕೊಂಡು ಹೋಗಿದ್ದೆ, ಟೆಕ್ನಿಷಿಯನ್ ಕೇಳಿದ, ಹೇಳ್ದೆ, ಕನಿಷ್ಠ 4ರಿಂದ 6 ಗಂಟೆ ಆಗಿರಬೇಕು ಸಾರ್ ಇಲ್ಲಾಂದ್ರೆ ತೆರೆದಿರೋ ಕೊಳವೇನೇ ಅಳೆದಂಗೆ ಆಗುತ್ತೆ ಅಂದ. ದಿನಕ್ಕೆ ಎರಡು ಸಲ ತಗೊಳೋ, ಹೆಚ್ಚು ಹೊತ್ತು ಕೆಲ್ಸ ಮಾಡೋ ಇನ್‌ಹೇಲರ್ ಇದ್ರೆ ಸುಮಾರು 24 ಗಂಟೆ ಬಿಡ್ಬೇಕಾಗುತ್ತೆ, ಅದು ಡಾಕ್ಟ್ರು ಹೇಳಿದ್ರೆ ಮಾತ್ರ, ನಾವೇ ನಿಲ್ಲಿಸೋದಲ್ಲ. ಎರಡು ದಿನ ಬಿಟ್ಟು ಮತ್ತೆ ಹೋದೆ. ಮೂಗಿಗೆ ಕ್ಲಿಪ್ಪು, ಪೂರ್ತಿ ಎಳ್ಕೊಳ್ಳಿ, ಬಿಡಿ ಬಿಡಿ ಬಿಡಿ ಬಿಡಿ ಇನ್ನೂ ಇನ್ನೂ ಅಂತ ಅವ್ನು ಕೂಗೋದು, ನಂಗೆ ಕಣ್ಣು ಕತ್ತಲೆ ಬರೋದು. ಐದು ಸಲ ಊದಿಸಿದ. ಮೊದಲನೇ ಸೆಕೆಂಡಲ್ಲಿ ಹೊರಗೆ ಬಂದ ಗಾಳಿ, ಅದಕ್ಕೆ ಎಫ್‌ಇವಿ1 ಅಂತಾರೆ, 2.31 ಲೀಟರ್. ಪೂರ್ತಿ ಖಾಲಿ ಮಾಡಿದಾಗ ಬಂದಿದ್ದು, ಎಫ್‌ವಿಸಿ, 3.30. ಮೊದಲನೇದನ್ನ ಎರಡನೇದರಿಂದ ಭಾಗಿಸಿದ್ರೆ 0.70, ಇದು ಕಮ್ಮಿ ಇದ್ದಷ್ಟೂ ಗಾಳಿಗೆ ಅಡಚಣೆ ಜಾಸ್ತಿ ಅಂತ. ಆಮೇಲೆ ಆಸ್ತಾಲಿನ್ 4 ಪಫ್ ಸ್ಪೇಸರಲ್ಲಿ, ಅಂದ್ರೆ ಪಂಪಿಗೆ ಜೋಡಿಸೋ ಡಬ್ಬೀಲಿ, ಕೊಟ್ಟು 15 ನಿಮಿಷ ಕೂರಿಸಿ ಮತ್ತೆ ಊದಿಸಿದ್ರು, 2.70 ಬಂತು. 390 ಎಂಎಲ್ ಜಾಸ್ತಿ, 17 ಪರ್ಸೆಂಟ್. 12 ಪರ್ಸೆಂಟು ಮತ್ತೆ 200 ಎಂಎಲ್ ಎರಡೂ ದಾಟಿದ್ರೆ ಔಷಧಿಗೆ ಚೆನ್ನಾಗಿ ತೆರ್ಕೊಂಡಿದೆ ಅಂತ ಲೆಕ್ಕ, ನನ್ನ ಚಾರ್ಟೂ ಇದೂ ಸೇರಿ ಆಸ್ತಮಾ ಅಂತ ಖಚಿತ ಆಯ್ತು.

ಇಲ್ಲೊಂದು ಎಡವಟ್ಟಾಯ್ತು, ಅದನ್ನ ಹೇಳ್ಲೇಬೇಕು. ರಿಪೋರ್ಟಲ್ಲಿ ನನ್ನ ಎಫ್‌ಇವಿ1 ಇರಬೇಕಾದ್ದರ 65 ಪರ್ಸೆಂಟ್ ಅಂತ ಇತ್ತು, ನೋಡಿ ಮೈ ತಣ್ಣಗಾಯ್ತು. ಮೇಡಂ ಮೇಲಿನ ಸಾಲು ಓದಿ ನಿಮ್ಮ ಎತ್ತರ ಎಷ್ಟು ಅಂದ್ರು. 168 ಅಂದೆ. ಅದರಲ್ಲಿ 178 ಅಂತ ಟೈಪಾಗಿತ್ತು. ಈ ಮೆಷಿನ್ನು ವಯಸ್ಸು, ಎತ್ತರ, ಗಂಡಸೋ ಹೆಂಗಸೋ ನೋಡ್ಕೊಂಡು ನಿಮಗೆ ಇಷ್ಟಿರಬೇಕು ಅಂತ ಅಂದಾಜು ಮಾಡಿ ಅದಕ್ಕೆ ಹೋಲಿಸಿ ಪರ್ಸೆಂಟ್ ಹೇಳೋದು, ಎತ್ತರ ಜಾಸ್ತಿ ಹಾಕಿದ್ರೆ ಇರಬೇಕಾದ್ದೂ ಜಾಸ್ತಿ ಆಗಿ ನಮ್ಮದು ಕಮ್ಮಿ ಕಾಣುತ್ತೆ. ಸರಿ ಮಾಡಿದಾಗ 74 ಬಂತು. ಲೀಟರ್ ನಂಬರು ಬದಲಾಗಿಲ್ಲ, ಭಾಗಿಸಿದ 0.70ನೂ ಬದಲಾಗಿಲ್ಲ, ಪರ್ಸೆಂಟ್ ಮಾತ್ರ. ಅವತ್ತಿಂದ ನಾನು ಯಾರಿಗೆ ಟೆಸ್ಟ್ ಮಾಡಿಸಿದ್ರೂ ಚಪ್ಪಲಿ ಬಿಚ್ಚಿಸಿ ಗೋಡೆಗೆ ನಿಲ್ಲಿಸಿ ಅಳೆಸ್ತೀನಿ, ಬಾಯಲ್ಲಿ ಹೇಳಿದ ಎತ್ತರ ಬರೆಯೋಕೆ ಬಿಡಲ್ಲ.

ಇಷ್ಟೆಲ್ಲಾ ಕಲ್ತ ಮೇಲೆ ನಂಗೆ ಮನೆ ಮೀಟರ್ ಮೇಲೆ ವಿಪರೀತ ನಂಬಿಕೆ ಬಂತು. ಆ ನಂಬಿಕೇಲಿ ನಮ್ಮ ಅವ್ವನ ವಿಷ್ಯದಲ್ಲಿ ನಾನು ತಪ್ಪು ಮಾಡ್ದೆ.

ಅವ್ವಂಗೆ 67. ಊರಲ್ಲೇ ಇರೋದು. ಗ್ಯಾಸ್ ಒಲೆ ಕೊಡಿಸಿದೀವಿ, ಆದ್ರೆ ಮುದ್ದೆ ಸೌದೆ ಒಲೇಲೇ ಆಗಬೇಕು, ಬಚ್ಚಲ ಹಂಡೆಗೆ ತೆಂಗಿನ ಮಟ್ಟೆ, ಸೋಗೆ, ಚಿಪ್ಪು, ನಮ್ಮ ಕಡೆ ತೋಟದಲ್ಲಿ ಬಿದ್ದಿರೋದೇ ಅದು, ದುಡ್ಡು ಕೊಡಂಗಿಲ್ಲ. 50 ವರ್ಷ ಆ ಹೊಗೇಲಿ ಬಗ್ಗಿ ಊದುಗೊಳವೆ ಊದಿರೋ ಜೀವ. ಎರಡು ವರ್ಷದಿಂದ ತೋಟಕ್ಕೆ ಹೋಗಿ ಬರೋ ದಾರೀಲಿ ಎರಡು ಕಡೆ ಕೂರೋಳು, ವಯಸ್ಸಾಯ್ತಲ್ಲ ಮಗಾ ಅನ್ನೋಳು. ನಾನು ಕೊರೋನಾ ಟೈಮಲ್ಲಿ ತಂದಿದ್ದ ಆಕ್ಸಿಮೀಟರ್ ಬೆರಳಿಗೆ ಹಾಕಿ ನೋಡ್ದೆ, 96. ಚೆನ್ನಾಗಿದೆ. ನನ್ನ ಪೀಕ್ ಫ್ಲೋ ಮೀಟರಲ್ಲಿ ಊದಿಸ್ದೆ, 190. ಮಾರನೇ ದಿನ 190, ಸಂಜೆ 200, ಒಂದು ವಾರ ಹಂಗೇ. ನನ್ನ ತಲೇಲಿ ಇದ್ದಿದ್ದು ಏರಿಳಿತದ ಲೆಕ್ಕ, ಏರಿಳಿತ ಇಲ್ಲ ಅಂದ್ಮೇಲೆ ಆಸ್ತಮಾ ಇಲ್ಲ, ಆಸ್ತಮಾ ಇಲ್ಲ ಅಂದ್ಮೇಲೆ ಏನೂ ಇಲ್ಲ ಅಂದ್ಕೊಂಡೆ. 190 ಅನ್ನೋದೇ ಅವಳ ಎತ್ತರಕ್ಕೂ ವಯಸ್ಸಿಗೂ ಕಮ್ಮಿ ಅಂತ ನಂಗೆ ಹೊಳೀಲಿಲ್ಲ. ಕೆಳಗೇ ನಿಂತುಬಿಟ್ಟಿರೋ ನಂಬರು ಏರಿಳಿತಾನೇ ತೋರ್ಸಲ್ಲ.

ಅದಕ್ಕಿಂತ ಹೆಚ್ಚು ದಾರಿ ತಪ್ಪಿಸಿದ್ದು ಅಕ್ಕನ ಮಗ ತಂದ ಫೋನಿಗೆ ಕನೆಕ್ಟ್ ಆಗೋ ಸ್ಪೈರೋಮೀಟರ್. ಅವನು ಒಳ್ಳೆ ಮನಸ್ಸಿಂದಾನೇ ತಂದಿದ್ದು. ಅಜ್ಜಿ ಊದಜ್ಜಿ ಅಂದ, ಅವ್ವ ಮೂರು ಸೆಕೆಂಡ್ ಊದಿ ನಿಲ್ಲಿಸಿದ್ಳು, ಸಾಕಾಯ್ತು ಕಣಪ್ಪ ಅಂದ್ಳು. ಎಫ್‌ಇವಿ1 0.90, ಎಫ್‌ವಿಸಿ 1.22, ಭಾಗಿಸಿದ್ದು 0.74, ಫೋನಲ್ಲಿ ಹಸಿರು ಬಣ್ಣ. 0.70ಕ್ಕಿಂತ ಮೇಲಿದ್ರೆ ಅಡಚಣೆ ಇಲ್ಲ ಅಂತ ನಾನೇ ಎಲ್ರಿಗೂ ಹೇಳ್ದೆ.

ಮುಂದಿನ ಬೇಸಿಗೇಲಿ ನೆಗಡಿ ಬಂದು ಎದೆಗೆ ಇಳಿದು ಅವ್ವ ಹಾಸಿಗೆ ಹಿಡಿದಾಗ ಬೆಂಗಳೂರಿಗೆ ಕರ್ಕೊಂಡ್ ಬಂದು ಅದೇ ಮೇಡಂಗೆ ತೋರಿಸ್ದೆ. ಟೆಸ್ಟ್ ತಕ್ಷಣ ಮಾಡ್ಲಿಲ್ಲ. ಸೋಂಕು ಇಳೀಲಿ ಅಂತ ಒಂದು, ಆಮೇಲೆ ಕೇಳಿದಾಗ ಗೊತ್ತಾಯ್ತು ಅವ್ವಂಗೆ ಕಣ್ಣಿನ ಪೊರೆ ಆಪರೇಷನ್ ಆಗಿ ಇನ್ನೂ ನಾಲ್ಕು ದಿನ. ಅಷ್ಟು ಜೋರಾಗಿ ಊದಿದ್ರೆ ಕಣ್ಣಲ್ಲಿ ಒತ್ತಡ ಏರುತ್ತೆ, ಅದಕ್ಕೆ ಮುಂದಕ್ಕೆ ಹಾಕಿದ್ರು. ಇತ್ತೀಚೆಗೆ ಹಾರ್ಟ್ ಅಟ್ಯಾಕ್ ಆಗಿದ್ರೆ, ಕಫದಲ್ಲಿ ರಕ್ತ ಬರ್ತಿದ್ರೆ, ಶ್ವಾಸಕೋಶ ತೂತಾಗಿ ಗಾಳಿ ತುಂಬ್ಕೊಂಡಿದ್ರೂ ಹಂಗೇ ಮುಂದಕ್ಕೆ ಹಾಕ್ತಾರಂತೆ. ಮನೇಲಿ ಗ್ಯಾಜೆಟ್ ಕೈಗೆ ಕೊಟ್ಟು ಊದಿಸುವಾಗ ನಾವ್ಯಾರು ಇದನ್ನೆಲ್ಲಾ ಕೇಳಿರ್ತೀವಿ?

ಟೆಸ್ಟ್ ದಿನ ಅವ್ವಂಗೆ ಆಗ್ತಾನೇ ಇರ್ಲಿಲ್ಲ. ಮೂಗಿಗೆ ಕ್ಲಿಪ್ ಹಾಕಿದ್ರೆ ಗಾಬರಿ, ಪೈಪ್ ಸುತ್ತ ತುಟಿ ಕೂರ್ತಿಲ್ಲ, ಮೂರು ಸೆಕೆಂಡಿಗೆ ಬಿಟ್ಟುಬಿಡೋಳು. ಆ ಟೆಕ್ನಿಷಿಯನ್ ಹುಡುಗಿ ಒಂದು ಸಲಾನೂ ಸಿಡುಕ್ಲಿಲ್ಲ, ಅಜ್ಜಿ ಇನ್ನೊಂದ್ಸಲ ಅಂತ ನಾಲ್ಕು ಸಲ ಮಾಡಿಸಿದ್ಳು, ನಾಲ್ಕೂ ರಿಜೆಕ್ಟು. ಪರದೆ ಮೇಲೆ ಗೆರೆ ಮೇಲಕ್ಕೆ ಹೋಗ್ತಾ ಹೋಗ್ತಾ ಮಧ್ಯದಲ್ಲೇ ಕತ್ತರಿಸ್ದಂಗೆ ನಿಂತು ಬಿಡೋದು. ಆಗ ನಾನು ಕುರ್ಚಿ ಹತ್ರ ಕುಕ್ಕರಗಾಲಲ್ಲಿ ಕೂತು ಹೇಳ್ದೆ, "ಅವ್ವ, ಮಳೆಗಾಲ, ಹಸಿ ಸೌದೆ, ಒಲೆ ಹತ್ಕಂಡಿಲ್ಲ, ಊದುಗೊಳವೆ ತಗೊಂಡಿದ್ದೀಯ ಅಂದ್ಕೋ. ಮೊದ್ಲು ಒಂದೇ ಏಟಿಗೆ ಜೋರಾಗಿ, ಆಮೇಲೆ ಕೆಂಡ ಕೆಂಪಾಗೋ ತನಕ ಬಿಡ್ಬೇಡ." ಅವ್ವ ನನ್ನ ಮುಖ ನೋಡಿದ್ಳು, ಪೈಪ್ ಬಾಯಿಗಿಟ್ಳು, ಊದಿದ್ಳು. ಮೂರು ಸೆಕೆಂಡ್ ದಾಟ್ತು, ಆರು ದಾಟ್ತು, ಗೆರೆ ಇನ್ನೂ ಸಣ್ಣಗೆ ಮೇಲೆ ಹೋಗ್ತಾನೇ ಇತ್ತು, ಹುಡುಗಿ ಬಿಡ್ಬೇಡಿ ಅಜ್ಜಿ ಬಿಡ್ಬೇಡಿ ಅಂತಿದ್ಳು, ಅವ್ವನ ಕತ್ತಿನ ನರ ಎಲ್ಲಾ ಎದ್ದಿತ್ತು, ಒಂಬತ್ತನೇ ಸೆಕೆಂಡಿಗೆ ನಿಂತ್ಳು. ಆಮೇಲೆ ಎರಡು ಸಲ ಅದೇ ತರ. ಎಫ್‌ಇವಿ1 0.92, ಎಫ್‌ವಿಸಿ 1.64. ಭಾಗಿಸಿದ್ರೆ 0.56. ಔಷಧಿ ಕೊಟ್ಟ ಮೇಲೂ 0.58 ಅಷ್ಟೇ. ಸಿಒಪಿಡಿ, ಅಂದ್ರೆ ಗಾಳಿ ಕೊಳವೆಗಳು ಕಿರಿದಾಗಿ ಪೂರ್ತಿ ಮತ್ತೆ ತೆರ್ಕೊಳ್ಳದ ಕಾಯಿಲೆ.

ಮೇಡಂ ಆ ಗೆರೆ ತೋರಿಸಿ ಬಿಡಿಸಿ ಹೇಳಿದ್ರು. ಅವ್ವನ ಕೊಳವೆಗಳು ಕಿರಿದಾಗಿರೋದ್ರಿಂದ ಗಾಳಿ ನಿಧಾನಕ್ಕೆ, ಬಹಳ ಹೊತ್ತು ಬರುತ್ತೆ, ಮೂರು ಸೆಕೆಂಡಿಗೇ ನಿಲ್ಲಿಸಿದ್ರೆ ಒಳಗೆ ಉಳಿದಿರೋದು ಲೆಕ್ಕಕ್ಕೆ ಬರಲ್ಲ, ಎಫ್‌ವಿಸಿ ಚಿಕ್ಕದಾಗುತ್ತೆ, ಚಿಕ್ಕ ನಂಬರಿಂದ ಭಾಗಿಸಿದ್ರೆ ಉತ್ತರ ದೊಡ್ಡದು ಬರುತ್ತೆ, ಅದೇ ನಿಮ್ಮ ಫೋನಿನ ಹಸಿರು. ಮನೇಲಿ ಬಂದ 0.90ಗೂ ಇಲ್ಲಿನ 0.92ಗೂ ವ್ಯತ್ಯಾಸಾನೇ ಇಲ್ಲ ನೋಡಿ, ಮೆಷಿನ್ ಸುಳ್ಳು ಹೇಳಿಲ್ಲ, ಪಕ್ಕದಲ್ಲಿ ನಿಂತು ಬಿಡ್ಬೇಡಿ ಅನ್ನೋರು ಇರ್ಲಿಲ್ಲ. ನಾನು ಏನೂ ಮಾತಾಡೋಕಾಗ್ದೆ ಕೂತಿದ್ದೆ. ಯಾವ ಊದುಗೊಳವೆ ಅವ್ವನ ಎದೆ ಹಾಳು ಮಾಡ್ತೋ ಅದನ್ನ ನೆನಪಿಸೇ ಆ ಟೆಸ್ಟ್ ಮಾಡಿಸಿದ್ದೆ.

ಆಕ್ಸಿಮೀಟರ್ ಬಗ್ಗೆನೂ ಅವತ್ತೇ ತಿಳೀತು. ಅದು ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ಬೆಳಕು ಹಾಯಿಸಿ ಅಂದಾಜು ಮಾಡುತ್ತೆ, ಕೊಳವೆ ಎಷ್ಟು ಕಿರಿದಾಗಿದೆ ಅನ್ನೋದಕ್ಕೂ ಅದಕ್ಕೂ ನೇರ ಸಂಬಂಧ ಇಲ್ಲ, ಕಾಯಿಲೆ ಸಾಕಷ್ಟು ಮುಂದುವರೆದ ಮೇಲೇ ಎಷ್ಟೋ ಜನಕ್ಕೆ ಅದು ಇಳಿಯೋದು. ತಣ್ಣಗಿರೋ ಬೆರಳು, ಉಗುರಿನ ಬಣ್ಣ ಇವೆಲ್ಲಾ ನಂಬರ್ ಕೆಡಿಸ್ತವೆ, ಚರ್ಮ ಕಪ್ಪಗಿದ್ರೆ ಇರೋದಕ್ಕಿಂತ ಸ್ವಲ್ಪ ಜಾಸ್ತಿ ತೋರ್ಸೋ ಸಾಧ್ಯತೆನೂ ಇದೆ. ಕೂತಲ್ಲೇ ನೋಡಿದ್ದು ಇನ್ನೊಂದು ತಪ್ಪು. ಆಸ್ಪತ್ರೆ ವರಾಂಡದಲ್ಲಿ 30 ಮೀಟರ್ ಗುರುತು ಹಾಕಿ 6 ನಿಮಿಷ ನಡೆಸಿದ್ರು, ಕೂತಾಗ 96 ಇದ್ದಿದ್ದು ನಡೆದು ಮುಗಿಸುವಾಗ 90. ತೋಟದ ದಾರೀಲಿ ಅವ್ವ ಎರಡು ಕಡೆ ಕೂರ್ತಿದ್ದಿದ್ದು ವಯಸ್ಸಿಗಲ್ಲ.

ಮೂರು ಬಾಲ್ ಇರೋ ಡಬ್ಬಿ ಬಗ್ಗೆನೂ ಒಂದು ಮಾತು, ಯಾಕಂದ್ರೆ ನಮ್ಮ ನೆಂಟರ ಮನೇಲೆಲ್ಲಾ ಇದೆ. ಮೂರೂ ಬಾಲ್ ಎದ್ರೆ ಲಂಗ್ಸ್ ಫಸ್ಟ್ ಕ್ಲಾಸ್ ಅಂತಾರೆ. ಅದು ಉಸಿರು ಒಳಗೆ ಎಳೆಯೋ ಅಭ್ಯಾಸಕ್ಕೆ, ಆಪರೇಷನ್ ಆದೋರಿಗೆ ಕೊಡ್ತಾರೆ. ಆಸ್ತಮಾ, ಸಿಒಪಿಡಿ ಎರಡರಲ್ಲೂ ಕಷ್ಟ ಇರೋದು ಹೊರಗೆ ಬಿಡೋದ್ರಲ್ಲಿ. ಉಸಿರು ಬಿಗಿಹಿಡ್ಕೊಂಡು ಸೆಕೆಂಡ್ ಎಣಿಸೋ ವಾಟ್ಸಾಪ್ ವಿಡಿಯೋನೂ ಅಷ್ಟೇ, ನಾನು ಎದೆ ಬಿಗಿ ಇರೋ ದಿನಾನೂ 30 ಸೆಕೆಂಡ್ ಹಿಡಿದಿದೀನಿ.

ಈಗ ಅವ್ವ ದಿನಾ ಒಂದು ಹೊತ್ತು ಇನ್‌ಹೇಲರ್ ತಗೊಳ್ತಾಳೆ. ಹಂಡೆ ಒಲೆ ಬಚ್ಚಲಿಂದ ಹಿತ್ತಲಿಗೆ ಹೋಯ್ತು, ತಮ್ಮನ ಹೆಂಡ್ತಿ ಮುದ್ದೆ ಗ್ಯಾಸಲ್ಲೇ ಮಾಡ್ತಾಳೆ. ಮನೇಲಿ ಪೀಕ್ ಫ್ಲೋ ಊದಿಸೋದು ಬಿಟ್ಟಿದೀನಿ, ಆಕೆ ವಿಷ್ಯದಲ್ಲಿ ಮನೇಲಿ ನೋಡೋದು ತೋಟದ ದಾರೀಲಿ ಎಲ್ಲಿ ಕೂತಳು, ಕಫದ ಬಣ್ಣ ಏನು, ನಡೆದ ಮೇಲೆ ಆಕ್ಸಿಮೀಟರ್ ಎಷ್ಟು, ಇಷ್ಟೇ. ವರ್ಷಕ್ಕೊಂದು ಸಲ ಲ್ಯಾಬ್.

ನಂದು ಉಲ್ಟಾ. ನಂಗೆ ಮೀಟರ್ರೇ ದಿನದ ಸಂಗಾತಿ. ನನ್ನ ಅತ್ಯುತ್ತಮ ನಂಬರ್ 480, ಅದರ 80 ಪರ್ಸೆಂಟ್ 384, ಅರ್ಧ 240. ಮೀಟರ್ ಮೇಲೇ ಆ ಎರಡು ಕಡೆ ಟೇಪ್ ಅಂಟಿಸಿದೀನಿ. 384ರ ಮೇಲೆ ಹಸಿರು, ಕೆಳಗೆ ಹಳದಿ, 240ರ ಕೆಳಗೆ ಹೋದ್ರೆ ಕೆಂಪು, ಪಂಪ್ ತಗೊಂಡು ಆಸ್ಪತ್ರೆಗೆ ಹೊರಡೋದೇ, ಯೋಚ್ನೆ ಇಲ್ಲ. ಹೋದ ಡಿಸೆಂಬರಲ್ಲಿ ಕೇಕ್ ಆರ್ಡರ್ ಜಾಸ್ತಿ ಇದ್ದಾಗ ನಾಲ್ಕು ದಿನದಲ್ಲಿ 460ರಿಂದ 370ಕ್ಕೆ ಇಳೀತು, ನಂಗೆ ಉಸಿರಲ್ಲಿ ಏನೂ ಗೊತ್ತಾಗ್ತಿರ್ಲಿಲ್ಲ, ಆದ್ರೂ ಫೋನ್ ಮಾಡ್ದೆ, ಮೇಡಂ ಮೊದ್ಲೇ ಬರ್ದುಕೊಟ್ಟಿದ್ದ ಚೀಟಿ ಪ್ರಕಾರ ಡೋಸ್ ಏರಿಸಿದ್ರು, ಐದು ದಿನಕ್ಕೆ ಮೇಲೆ ಬಂತು. ಅದೇ ಇನ್ನೊಂದ್ಸಲ ಮೀಟರಲ್ಲಿ 430 ಇತ್ತು ಅಂತ ಎದೆ ಬಿಗೀತಿದ್ರೂ ಸುಮ್ನಿದ್ದೆ, ರಾತ್ರಿ ಪಂಪ್ ಮೂರು ಸಲ ಬೇಕಾಯ್ತು. ಮೇಡಂ ಬೈದ್ರು, ನಂಬರಿಗೂ ಎದೆಗೂ ಜಗಳ ಆದ್ರೆ ಎದೆ ಮಾತು ಕೇಳಿ ಅಂದ್ರು.

ಬೇಕರೀಲೂ ಬದಲಾಯಿಸ್ದೆ. ಮೂಟೆ ಕೊಡವೋದು ನಿಲ್ಸಿದೀವಿ, ಮೈದಾ ಹಿಟ್ಟನ್ನ ಮಿಕ್ಸರ್ ಪಾತ್ರೆ ತಳದ ಹತ್ರ ಇಟ್ಟು ಮೆತ್ತಗೆ ಸುರೀತೀವಿ, ಮೊದಲ ಎರಡು ನಿಮಿಷ ಮುಚ್ಚಳ ಹಾಕಿ ಸ್ಲೋ ಸ್ಪೀಡು. ಟೇಬಲ್ ಮೇಲೆ ಹಿಟ್ಟು ಉದುರಿಸೋ ಬದ್ಲು ಆದಷ್ಟು ಎಣ್ಣೆ ಸವರ್ತೀವಿ. ಪೊರಕೆ ಇಲ್ಲ, ಒದ್ದೆ ಬಟ್ಟೆ. ಬ್ರೆಡ್ ಇಂಪ್ರೂವರ್ ಪುಡಿಯಲ್ಲಿರೋ ಎನ್‌ಜೈಮೂ ಅಲರ್ಜಿ ಮಾಡುತ್ತಂತೆ, ಅದನ್ನ ಅಳೆಯೋನು ಎನ್95 ಹಾಕ್ದೇ ಡಬ್ಬ ತೆಗೆಯಂಗಿಲ್ಲ. ನಾನು ಕಲಸೋ ಜಾಗ ಬಿಟ್ಟು ಭಟ್ಟಿ ಮತ್ತೆ ಕೌಂಟರ್ ಕಡೆ ಬಂದಿದೀನಿ.

ಆ ಜಾಗಕ್ಕೆ ಆಮೇಲೆ ನಿಂತಿದ್ದು ಹೊಳೆನರಸೀಪುರ ಕಡೆ ಹುಡುಗ, 23 ವರ್ಷ. ಎರಡು ತಿಂಗ್ಳಿಂದ ಬೆಳಗ್ಗೆ ಕಲಸುವಾಗ ಸೀನು, ಮೂಗು ಸೋರೋದು. ನಂಗೂ ಕೆಮ್ಮಿಗೆ ಮುಂಚೆ ಹಂಗೇ ಶುರುವಾಗಿದ್ದು ಅಂತ ಆಮೇಲೆ ನೆನಪಾಗಿತ್ತು. ಅಣ್ಣ ಏನಿಲ್ಲ ಥಂಡಿ ಅಂತಾನೆ. ಅವನಿಗೂ ಒಂದು ಮೀಟರ್ ತಂದ್ಕೊಟ್ಟು ಮೂರು ವಾರ ಬರೆಸ್ದೆ, ಭಾನುವಾರ ಕಡ್ಡಾಯ ರಜೆ ಕೊಟ್ಟು. ಭಾನುವಾರ 540, ಶುಕ್ರವಾರ 470. ಈಗ ಸದ್ಯಕ್ಕೆ ಪ್ಯಾಕಿಂಗಿಗೆ ಹಾಕಿದೀನಿ, ಸಂಬಳ ಅಷ್ಟೇ, ಆದ್ರೆ ಟೆಸ್ಟಿಗೆ ಮುಂಚೆ ಎರಡು ದಿನ ಕಲಸೋ ಕಡೇನೇ ಇರ್ಲಿ ಅಂತ ಮೇಡಂ ಹೇಳಿರೋದ್ರಿಂದ ನಿನ್ನೆ ಇವತ್ತು ಮಾಸ್ಕ್ ಹಾಕ್ಕೊಂಡು ಅಲ್ಲೇ ನಿಂತಿದ್ದ. ನಾಳೆ ಮಧ್ಯಾಹ್ನ 2ಕ್ಕೆ ಪಿಎಫ್‌ಟಿ. ಇವತ್ತು ಸಂಜೆ ಚಪ್ಪಲಿ ಬಿಚ್ಚಿಸಿ ಬೇಕರಿ ಬಾಗ್ಲ ಚೌಕಟ್ಟಿಗೆ ನಿಲ್ಲಿಸಿ ತಲೆ ಮೇಲೆ ಸ್ಕೇಲ್ ಇಟ್ಟು ಪೆನ್ಸಿಲಲ್ಲಿ ಗೆರೆ ಎಳೆದು ಅಳೆದೆ, 171. ಒಂದು ಚೀಟೀಲಿ ದೊಡ್ಡದಾಗಿ ಬರೆದು ಚಾರ್ಟ್ ಜೊತೆ ಅವನ ಜೇಬಿಗಿಟ್ಟಿದೀನಿ.